ಸಡಿಲ ಬಿಡಬೇಕಾದ ಎಳೆ

ಕುರಾಮೋಚಿ ಹತ್ಸುಎ ಯಾರನ್ನೂ ನಂಬುವ ಹೆಂಗಸಲ್ಲ. ಅಂಗಡಿಯಿಂದ ತಂದ ಮೊಟ್ಟೆಯನ್ನೂ ನೀರಿಗೆ ಹಾಕಿ ಪರೀಕ್ಷಿಸಿಯೇ ಒಡೆಯುವವಳು. ಭಾರ ಬಿದ್ದಾಗ ಸೇತುವೆಗಳು ಎಷ್ಟು ಹಿಗ್ಗುತ್ತವೆ ಎಂದು ಅಳೆಯುವುದು ಆಕೆಯ ಕೆಲಸ. ಆಕೆಯ ಜೊತೆ ದುಡಿದು ನನಗೂ ಅನುಮಾನದ ಚಟ ಹತ್ತಿದೆ.

ಗಿಫು ಪ್ರಾಂತ್ಯದ ಕಣಿವೆಯೊಂದರ ಹಳೆಯ ಉಕ್ಕಿನ ಸೇತುವೆಯ ದುರಸ್ತಿ ಮುಗಿದಿತ್ತು. ಸೋಮವಾರದಿಂದ ಅದರ ಮೇಲೆ ಶಾಲೆಯ ಬಸ್ಸು ಓಡಬೇಕು. ಅದಕ್ಕೆ ಹತ್ಸುಎಯ ಒಪ್ಪಿಗೆಯ ಮುದ್ರೆ ಬೀಳಬೇಕು.

ತೊಲೆಯ ಅಡಿಯಲ್ಲಿ ಅಳತೆಗೆಂದು ನಾವು ಮೊದಲೇ ಕೂರಿಸಿದ್ದ, ಕೂದಲಿನಷ್ಟು ಸಪೂರವಾದ ಎರಡು ಗಾಜಿನ ಎಳೆಗಳಿದ್ದವು. ಒಂದನ್ನು ಉಕ್ಕಿಗೆ ಅಂಟಿಸಿರುತ್ತೇವೆ. ಉಕ್ಕು ಹಿಗ್ಗಿದರೆ ಅದೂ ಹಿಗ್ಗುತ್ತದೆ. ಆದರೆ ಬಿಸಿಲು ಬಿದ್ದರೂ ಅದು ಹಿಗ್ಗಿದೆ ಎಂದೇ ಹೇಳುತ್ತದೆ, ಹಾಳಾದ್ದು! ಅದಕ್ಕೇ ಪಕ್ಕದ ಎಳೆಯನ್ನು ಸಡಿಲವಾಗಿ ಬಿಡುತ್ತೇವೆ. ಅದಕ್ಕೆ ಬಿಸಿಲಷ್ಟೇ ಗೊತ್ತು. ಅದರ ಲೆಕ್ಕ ಕಳೆದರೆ ಉಳಿಯುವುದು ನಿಜವಾದ ಹಿಗ್ಗು.

ಕಲ್ಲು ತುಂಬಿದ ಲಾರಿಯನ್ನು ಸೇತುವೆ ದಾಟಿಸಿದೆವು. ಎಳೆಗಳ ಲೆಕ್ಕ ತೋರಿಸುವ ಪರದೆಯ ಮೇಲಿನ ಗೆರೆ ಅಲುಗಲೇ ಇಲ್ಲ.

ದುರಸ್ತಿ ಮಾಡಿಸಿದ ಗುತ್ತಿಗೆದಾರ ನಗತಾನಿ ಹಿಗ್ಗಿದ. "ನೋಡಿ ಕುರಾಮೋಚಿ ಸಾನ್, ಬಂಡೆ ಹಾಗೆ ನಿಂತಿದೆ!"

"ಲಾರಿ ಹೋದ್ರೆ ಎಂಥಾ ಸೇತುವೆನೂ ಒಂಚೂರು ಹಿಗ್ಗುತ್ತೆ. ಎಳೆಗೆ ಯಾರು ಕೈ ಹಾಕಿದ್ದು?"

"ನಾನ್ಯಾಕೆ ಹಾಕ್ಲಿ?"

"ನಿಮ್ಮ ಹೆಸರೆತ್ತಿದ್ನಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋತೀರಲ್ಲ!"

ನಗತಾನಿಯ ಮುಖ ಕೆಂಪಾಯಿತು. ಇವನದೇ ಕೈವಾಡ ಎಂದು ನನಗೂ ಅನಿಸಿತು. ಮೂವರೂ ತೊಲೆಯ ಕೆಳಗಿಳಿದೆವು. ಸಡಿಲವಾಗಿರಬೇಕಿದ್ದ ಎಳೆಯನ್ನು ಯಾರೋ ನೇರವಾಗಿ ಎಳೆದು, ಉದ್ದಕ್ಕೂ ಅಂಟು ಹಾಕಿ ಉಕ್ಕಿಗೆ ಕೂರಿಸಿದ್ದರು. ಎರಡೂ ಒಟ್ಟಿಗೇ ಹಿಗ್ಗಿದರೆ ಕಳೆದ ಮೇಲೆ ಉಳಿಯುವುದು ಸೊನ್ನೆಯೇ.

"ಸಿಕ್ಕಿಬಿದ್ರಿ," ಎಂದಳು ಹತ್ಸುಎ.

"ವರ್ಷದ ಕೊನೆಗೆ ಇಲ್ಲೆಲ್ಲ ಗುಡಿಸಿ ಶುಚಿ ಮಾಡಿದ ದಿನ ನೀವು ಏನಂದಿದ್ರಿ?" ನಗತಾನಿ ಕೇಳಿದ. "ಜೋತಾಡೋದು ಒಂದೂ ನನ್ನ ಕಣ್ಣಿಗೆ ಬೀಳಬಾರ್ದು ಅಂತ ನಮ್ಮ ಕೆಲಸದವರನ್ನ ಗದರಿಸಿದ್ರಿ. ಅವ್ರು ಇದನ್ನೂ ಅಂಟಿಸಿದ್ದಾರೆ, ಅಷ್ಟೇ."

"ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳಿದ್ರೆ ಇವ್ರೇನೋ ಮುಚ್ಚಿಡ್ತಿದ್ದಾರೆ ಅಂತೀರಿ. ನಿಮ್ಮ ಹತ್ರ ಬಾಯಿ ಬಿಡೋ ಧೈರ್ಯ ಯಾರಿಗಿದೆ?"

ಹತ್ಸುಎ ಹೊಸ ಎಳೆಯೊಂದನ್ನು ತಾನೇ ಸಡಿಲವಾಗಿ ಇಳಿಬಿಟ್ಟು, ಲಾರಿಯನ್ನು ಮತ್ತೆ ದಾಟಿಸಿದಳು. ಗೆರೆ ಅಪಾಯದ ಮಟ್ಟ ಮೀರಿ ಚಿಮ್ಮಿತು. ದುರಸ್ತಿ ನೆಟ್ಟಗಾಗಿರಲಿಲ್ಲ. ನಗತಾನಿ ಬಿಳಿಚಿಕೊಂಡ.

ಅವನ ಮೇಲೆ ಹರಿಹಾಯುತ್ತಾಳೆ ಎಂದುಕೊಂಡೆ. ಹತ್ಸುಎ ಮುದ್ರೆಯನ್ನು ಚೀಲಕ್ಕೆ ಹಾಕಿ, ಕ್ಷಮೆ ಕೇಳುವಂತೆ ಅವನೆದುರು ಸೊಂಟದವರೆಗೆ ಬಾಗಿದಳು.

"ನಿಮ್ಮವರು ನನಗೆ ಹೆದರಿ ಸುಮ್ನಿದ್ರು," ಎಂದಳು. "ಆ ಅಲುಗದ ಗೆರೆ ನಂಬಿದ್ದಿದ್ರೆ ಸೋಮವಾರ ಮಕ್ಕಳು ಹೊಳೆಗೆ ಬೀಳ್ತಿದ್ರು."