ಮ್ವಾಲಿಮು ಒಯ್ದ ಹಾಜರಿ ಪುಸ್ತಕ

ಮ್ವಾಲಿಮು ಅವರ ಬಲಗೈಯ ತೋರುಬೆರಳು ತುದಿಯಲ್ಲಿ ಎಡಕ್ಕೆ ಸೊಟ್ಟಗಾಗಿತ್ತು. ಚಿಕ್ಕಂದಿನಲ್ಲಿ ದನ ಕಾಯುವಾಗ ಹೋರಿಯೊಂದು ತುಳಿದಿತ್ತಂತೆ. ಗೋಡೆಯ ನಕ್ಷೆಯಲ್ಲಿ ಒಂದು ನದಿ ತೋರಿಸಲು ಹೋದರೆ ಬೆರಳು ಪಕ್ಕದ ನದಿಯನ್ನು ತೋರಿಸುತ್ತಿತ್ತು. "ನನ್ನ ಬೆರಳನ್ನ ನಂಬಬೇಡಿ, ಬಾಯನ್ನ ನಂಬಿ" ಎಂದು ಮೊದಲ ತರಗತಿಯಲ್ಲೇ ಹೇಳಿಬಿಡುತ್ತಿದ್ದರು.

ಎಂಬತ್ತರ ದಶಕದ ಆರಂಭದಲ್ಲಿ ವೈದ್ಯರಾದ ಗಂಡನ ಜೊತೆ ಮೈಸೂರಿನಿಂದ ನೈರೋಬಿಗೆ ಬಂದ ನನಗೆ ವಿಶ್ವವಿದ್ಯಾನಿಲಯದ ಭೂಗೋಳ ವಿಭಾಗದಲ್ಲಿ ಕೆಲಸ ಕೊಟ್ಟವರು ಅವರು. ಆಗ ವಿಭಾಗದ ಮುಖ್ಯಸ್ಥರಾಗಿದ್ದರು. ಎಲ್ಲರೂ 'ಮ್ವಾಲಿಮು' ಎನ್ನುತ್ತಿದ್ದರು, ಸ್ವಾಹಿಲಿಯಲ್ಲಿ ಮೇಷ್ಟ್ರು ಎಂದು. ನನ್ನ ಇಂಗ್ಲಿಷ್ ಉಚ್ಚಾರ ವಿದ್ಯಾರ್ಥಿಗಳಿಗೆ ತಿಳಿಯದೆ ಅಳುಮೋರೆ ಹಾಕಿಕೊಂಡು ಬಂದ ದಿನ ತಾವೇ ಚಹಾ ಬಗ್ಗಿಸಿಕೊಟ್ಟರು. "ಪೋಲೆ, ಮಾಮಾ" ಎಂದರು, ಬೇಜಾರು ಮಾಡ್ಕೋಬೇಡಿ ಅಮ್ಮಾ ಎಂದು. "ನಾನು ಹೊರದೇಶದಲ್ಲಿ ಓದುವಾಗ ಒಂದು ವರ್ಷ ನನ್ನ ಮಾತು ಯಾರಿಗೂ ಅರ್ಥ ಆಗ್ಲಿಲ್ಲ. ನಿಧಾನವಾಗಿ ಹೇಳಿ, ಸಾಕು."

ಕೆಲವು ವರ್ಷಗಳ ನಂತರ ದೇಶದ ಅಧ್ಯಕ್ಷರು ಅವರನ್ನು ಸಂಸತ್ತಿಗೆ ನೇಮಿಸಿ ಮಂತ್ರಿ ಮಾಡಿದರು. ಕಿಲಿಮಾನಿಯ ಬಾಡಿಗೆ ಮನೆಯಿಂದ ಸಿರಿವಂತರ ಬಡಾವಣೆ ಸ್ಪ್ರಿಂಗ್ ವ್ಯಾಲಿಗೆ ಹೋದರು, ಕಾರಿಗೆ ಬಾವುಟ ಬಂತು. ಶನಿವಾರ ಮಾತ್ರ ವಿಭಾಗಕ್ಕೆ ಬಂದು ಸಂಶೋಧನಾ ವಿದ್ಯಾರ್ಥಿಗಳ ಬರಹ ತಿದ್ದುವುದನ್ನು ಬಿಡಲಿಲ್ಲ. ಮಂತ್ರಿಗೆ ಅಲ್ಲಿ 'ವಜೀರಿ' ಎನ್ನುತ್ತಾರೆ, ನಮ್ಮ ವಜೀರನೇ. "ಹಾಗೆ ಕರೆದ್ರೆ ಬೇರೆ ಯಾರನ್ನೋ ಅಂದ್ಕೊಂಡು ಹಿಂದೆ ತಿರುಗಿ ನೋಡ್ತೀನಿ" ಎಂದು ನಗುತ್ತಿದ್ದರು.

ತೊಂಬತ್ತರ ಸುಮಾರಿಗೆ ಗಲಾಟೆಯಾಯಿತು. ಸರ್ಕಾರದ ವಿರುದ್ಧ ಕರಪತ್ರ ಹಂಚಿದಳೆಂದು ನಮ್ಮ ಮೂರನೇ ವರ್ಷದ ಹುಡುಗಿಯೊಬ್ಬಳನ್ನು ಪೊಲೀಸರು ಹಿಡಿದುಕೊಂಡು ಹೋದರು. ಕರಪತ್ರ ಹಂಚಿದ ಹೊತ್ತಿನಲ್ಲಿ ಅವಳು ನನ್ನ ನಕ್ಷೆ ತರಗತಿಯಲ್ಲಿದ್ದಳು. ಹಾಜರಿ ಪುಸ್ತಕದಲ್ಲಿ ಅವಳ ಸಹಿ ಇತ್ತು. ಊರಿಂದ ಬಂದ ಅವಳ ತಾಯಿ ಎರಡು ದಿನ ನಮ್ಮ ಕಾರಿಡಾರಿನಲ್ಲಿ ಕೂತಿದ್ದರು. ನಾನು ತಲೆ ತಗ್ಗಿಸಿ ಅವರೆದುರೇ ಓಡಾಡಿದೆ.

"ನಾವಿಲ್ಲಿ ಪರ್ಮಿಟ್ ಮೇಲಿರೋರು. ನೀನು ಬರೆದುಕೊಟ್ರೆ ನಾಳೆ ನಮ್ಮನ್ನೇ ವಾಪಸ್ ಕಳಿಸ್ತಾರೆ. ಮಕ್ಕಳ ಸ್ಕೂಲಿದೆ, ಸುಮ್ನಿರು" ಎಂದಿದ್ದರು ನನ್ನ ಗಂಡ. ಅವರನ್ನು ದೂರಲಾರೆ. ಆ ಮಾತು ಕೇಳಲು ನಾನೇ ಕಾದಿದ್ದೆ.

ಮೂರನೇ ದಿನ ತಡೆಯಲಾಗಲಿಲ್ಲ. ಪುಸ್ತಕವನ್ನು ಕೈಚೀಲದಲ್ಲಿಟ್ಟುಕೊಂಡು ಮಟಾಟು ಎನ್ನುವ ಬಾಡಿಗೆ ವ್ಯಾನು ಹಿಡಿದು ಮ್ವಾಲಿಮು ಅವರ ಕಚೇರಿಗೆ ಹೋದೆ. ಅವರು ಆ ಪುಟವನ್ನು ಬಹಳ ಹೊತ್ತು ನೋಡಿದರು.

"ಕಣ್ಣಾರೆ ನೋಡಿದ್ರಾ, ಮಾಮಾ?"

"ಮೂರು ಗಂಟೆ ನನ್ನೆದುರೇ ಕೂತಿದ್ದಳು. ನಾನೇ ಬರೆದುಕೊಡಬೇಕು ಮ್ವಾಲಿಮು, ಆದ್ರೆ..."

"ನೀವು ಏನೂ ಬರೀಬೇಡಿ. ನೀವು ಇಲ್ಲಿಗೆ ಬಂದೂ ಇಲ್ಲ. ಮನೆಗೆ ಹೋಗಿ."

ಅವತ್ತೇ ಪುಸ್ತಕ ಹಿಡಿದು ಠಾಣೆಗೆ ಹೋದವರು, ಹುಡುಗಿಯನ್ನು ಬಿಡುವ ತನಕ ಬೆಂಚಿನ ಮೇಲಿಂದ ಏಳಲಿಲ್ಲವಂತೆ. ಸಂಜೆ ಅವಳು ತಾಯಿಯ ಕೈ ಹಿಡಿದು ಹೊರಬಂದಳು. ಎರಡು ವಾರದ ನಂತರ ಮಧ್ಯಾಹ್ನ ಒಂದು ಗಂಟೆಯ ರೇಡಿಯೋ ವಾರ್ತೆಯಲ್ಲಿ ಮ್ವಾಲಿಮು ಅವರನ್ನು ಸಂಪುಟದಿಂದ ಕೈಬಿಟ್ಟ ಸುದ್ದಿ ಬಂತು. ಅವರಿಗೂ ಅದು ತಿಳಿದದ್ದು ಊಟಕ್ಕೆ ಕೂತಾಗ, ಆ ರೇಡಿಯೋದಿಂದಲೇ.

ಮುಂದಿನ ಸೋಮವಾರ ಬೆಳಿಗ್ಗೆ ಮಟಾಟುವಿನಿಂದ ಇಳಿದು ವಿಭಾಗಕ್ಕೆ ನಡೆದುಬಂದರು. ನಾನು ಎದ್ದು ಬಾಗಿಲಿಗೆ ಹೋದೆ.

"ಮ್ವಾಲಿಮು, ನನ್ನಿಂದಾಗಿ..."

"ಎಂಟು ಗಂಟೆಗೆ ಮೊದಲ ವರ್ಷದ ಕ್ಲಾಸು ಯಾರದು?"

"ನನ್ನದು."

"ಇವತ್ತು ನನಗೆ ಕೊಡ್ತೀರಾ? ಪಾಠ ಮಾಡಿ ತುಂಬಾ ದಿನ ಆಯ್ತು."

ಆಮೇಲೆ ಏಳು ವರ್ಷ ಅರೆಕಾಲಿಕ ಅಧ್ಯಾಪಕರಾಗಿ ಪಾಠ ಮಾಡಿದರು. ಒಂದು ಭಾನುವಾರ ಹೃದಯಾಘಾತವಾಗಿ ಹೋಗಿಬಿಟ್ಟರು.

ಚರ್ಚಿನಲ್ಲಿ ಹಾಲಿ, ಮಾಜಿ ಮಂತ್ರಿಗಳೆಲ್ಲ ಕೂತಿದ್ದರು. ಜೊತೆ ಕೆಲಸ ಮಾಡಿದವರು ಮಾತಾಡಬಹುದು ಎಂದಾಗ ನಾನು ಎದ್ದೆ. ಆ ತರಗತಿ ನನ್ನದು, ಪುಸ್ತಕ ಒಯ್ದುಕೊಟ್ಟವಳು ನಾನು, ಹೆದರಿ ಸುಮ್ಮನಿದ್ದವಳೂ ನಾನು ಎಂದು ಎಲ್ಲರೆದುರು ಹೇಳಿದೆ.

ಹೊರಗೆ ಅವರ ಪತ್ನಿ ನನ್ನ ಎರಡೂ ಕೈ ಹಿಡಿದುಕೊಂಡರು. "ನೀವಾ? ನನಗೂ ಹೇಳಿರಲಿಲ್ಲ ಅವರು. ಪುಸ್ತಕ ಯಾರು ಕೊಟ್ರು ಅಂತ ಪೊಲೀಸರು ಮೂರು ಸಲ ಮನೆಗೆ ಬಂದಿದ್ರು. ವಿಭಾಗದ ಬೀರುವಿನಿಂದ ನಾನೇ ತಗೊಂಡೆ ಅಂತ ಮೂರು ಸಲವೂ ಹೇಳಿದ್ರು."

ಆ ಏಳು ವರ್ಷ ನಾವು ಒಂದೇ ಕೋಣೆಯಲ್ಲಿ ಕೂತು ಚಹಾ ಕುಡಿದಿದ್ದೆವು. ನನ್ನ ಪರ್ಮಿಟ್ ಪ್ರತಿ ಸಲವೂ ನವೀಕರಣವಾಯಿತು, ಮಕ್ಕಳು ಅದೇ ಸ್ಕೂಲಿನಲ್ಲಿ ಓದಿ ಮುಗಿಸಿದರು. ಯಾರೂ ನಮ್ಮ ಬಾಗಿಲು ಬಡಿಯಲಿಲ್ಲವಲ್ಲ, ಯಾಕೆ ಎಂದು ನಾನು ಒಮ್ಮೆಯೂ ಅವರನ್ನು ಕೇಳಿರಲಿಲ್ಲ.