ಕಟ್ಟಿದವನೇ ಹಾರಬೇಕು

ಸೈನ್ಯದಲ್ಲಿ ನಾನಿದ್ದದ್ದು ಕಮಾಂಡೋಗಳ ಬೆನ್ನ ಹಿಂದಿನ ಬೆಟಾಲಿಯನ್ನಿನಲ್ಲಿ. ವಿಮಾನದಿಂದ ಹಾರುವವರು ಅವರು. ಅವರ ಪ್ಯಾರಾಚೂಟ್ ಮಡಚಿ ಕಟ್ಟುವುದು, ವೈರ್‌ಲೆಸ್ಸಿನ ಬ್ಯಾಟರಿ ನೋಡುವುದು, ರಬ್ಬರ್ ದೋಣಿಗೆ ತೇಪೆ ಹಾಕುವುದು ನಮ್ಮ ಕೆಲಸ. ಮೊದಲೆಲ್ಲ ಅವರೇ ಮಾಡಿಕೊಳ್ಳುತ್ತಿದ್ದರಂತೆ. ಹೋಗುವ ಕೆಲಸಕ್ಕಿಂತ ಒಯ್ಯುವ ಸಾಮಾನಿನ ಚಿಂತೆ ಹೆಚ್ಚಾದಾಗ ನಮ್ಮನ್ನು ಹುಟ್ಟುಹಾಕಿದರು. ಎಲ್ಲ ಸರಿಹೋದರೆ ಪದಕ ಅವರಿಗೆ, ತಪ್ಪಿದರೆ ವಿಚಾರಣೆ ನಮಗೆ. ಹೀಗಾಗಿ ನಮ್ಮ ಇತಿಹಾಸವೆಂದರೆ ಏನೂ ಆಗದೆ ಕಳೆದ ದಿನಗಳ ಇತಿಹಾಸ.

ಒಂದೇ ಒಂದು ನಿಯಮ ಕಟ್ಟುನಿಟ್ಟು. ಪ್ಯಾರಾಚೂಟ್ ಕಟ್ಟಿದವನಿಗೆ ಯಾವ ದಿನವಾದರೂ ‘ಅದನ್ನೇ ಹಾಕಿಕೊಂಡು ಹಾರು’ ಎಂದು ಹುಕುಂ ಬರಬಹುದು. ಮಡಿಕೆಗಳು ನೆಟ್ಟಗಾಗಲು ಇದಕ್ಕಿಂತ ಒಳ್ಳೆಯ ಉಪದೇಶ ಬೇಕಿರಲಿಲ್ಲ.

ತೊಂಬತ್ತರ ದಶಕದ ಕೊನೆಗೆ ನಿವೃತ್ತನಾಗಿ ಇಳಕಲ್ಲಿಗೆ ಬಂದೆ. ಹೆಂಡತಿಯ ತಮ್ಮನಿಗೆ ಮಗ್ಗಗಳಿದ್ದವು. ಅವನಲ್ಲಿ ಸೀರೆ ಮಡಚತೊಡಗಿದೆ. ಅವನು ಗಿರಾಕಿಗಳಿಗೆ ನನ್ನನ್ನು ಕಮಾಂಡೋ ಎಂದೇ ಹೇಳುತ್ತಿದ್ದ.

‘ಎಷ್ಟು ಮಂದಿನ್ನ ಹೊಡದೀರಿ?’ ಎಂದು ಅವರು ಕೇಳುವರು.

‘ಹೊಡದಿಲ್ರಿ, ಮಡಚೇನ್ರಿ.’

ಕುಡಿಯುತ್ತಿದ್ದ ಚಹಾ ಅವರಿಗೆ ಸಪ್ಪಗಾಗುತ್ತಿತ್ತು.

ಒಂದು ಸಲ ಬಾಗಲಕೋಟೆಯ ದೊಡ್ಡ ಮನೆಯೊಂದರ ಮದುವೆಗೆ ಸೀರೆಗಳೆಲ್ಲ ಅವನ ಮಗ್ಗದಿಂದಲೇ ಎಂದಾಯಿತು. ಮದುವೆ ಮುಗಿದ ಮೇಲೆ ಹೆಂಗಸರು ಆ ಹೊಸ ಸೀರೆಯಲ್ಲೇ ಕೂಡಲಸಂಗಮದಲ್ಲಿ ಮೀಯುವುದು ಅವರ ಮನೆಯ ವಾಡಿಕೆ. ಮಡಚುವಾಗ ನನ್ನ ಬೆವರಿದ ಹೆಬ್ಬೆರಳು ಕೆಂಪಾಯಿತು. ಅವನು ಹೊಸ ಬಣ್ಣ ತರಿಸಿದ್ದ. ಬಣ್ಣ ಬಿಟ್ಟರೆ ಬಾಗಲಕೋಟೆಯಲ್ಲಿ ಅವನ ಹೆಸರು ಮುಗಿದಂತೆ.

‘ಮಾಮಾ, ಬಣ್ಣ ಪಕ್ಕಾ ಐತಿ. ಗ್ಯಾರಂಟಿ ನಂದು.’

‘ಗ್ಯಾರಂಟಿ ನಿಂದಾದ್ರ ನೀನ ಉಟ್ಕೊಂಡು ಹೊಳಿಗೆ ಹಾರು,’ ಎಂದು ಸೈನ್ಯದ ನಿಯಮ ಹೇಳಿದೆ.

‘ಗಂಡಸು ನಾ, ಸೀರಿ ಹ್ಯಾಂಗ ಉಡ್ಲಿ?’

ಅವನ ಹೆಂಡತಿ ಒಳಗಿನಿಂದಲೇ ಅಂದಳು: ‘ಉಡಬ್ಯಾಡ್ರಿ. ತಲಿಗೆ ಸುತ್ಕೊಂಡು ಮುಳುಗ್ರಿ. ಅಣ್ಣಾರು ಹೇಳೂದು ಖರೆ ಐತಿ.’

ಮರುದಿನ ಮೂವರೂ ಬಸ್ಸಿನಲ್ಲಿ ಸಂಗಮಕ್ಕೆ ಹೋದೆವು. ಕೆಂಪು ಸೆರಗನ್ನು ರುಮಾಲಿನಂತೆ ಸುತ್ತಿ, ಬಿಳಿ ಅಂಗಿಯಲ್ಲಿ ಅವನು ನೀರಿಗಿಳಿದ. ಮೀಯುತ್ತಿದ್ದ ಭಕ್ತರು ಇದಾವ ಹರಕೆಯೋ ಎಂದು ಸರಿದು ಜಾಗ ಕೊಟ್ಟರು. ಮೂರನೆಯ ಮುಳುಗಿಗೆ ಕಿವಿ, ಕುತ್ತಿಗೆ, ಅಂಗಿ ಎಲ್ಲ ಕೆಂಪು. ಮೈಯಿಂದ ಕೆಂಪು ನೀರು ಇಳಿಯುವುದನ್ನು ಕಂಡು ಮುದುಕಿಯೊಬ್ಬಳು, ‘ಅಯ್ಯ, ಎಲ್ಲೆ ಹೊಡಕೊಂಡೀಯೋ ಯಪ್ಪಾ!’ ಎಂದು ಕೂಗಿದಳು.

ಮನೆಗೆ ಬಂದವನೇ ಮಗ್ಗವಿದ್ದ ನೆಂಟರ ಮನೆಗಳನ್ನೆಲ್ಲ ಸುತ್ತಿ ಹಳೆಯ ಬಣ್ಣದ ಸೀರೆಗಳನ್ನು ಜೋಡಿಸಿದ. ನಾನು ಮಡಚಿ ಕಟ್ಟಿದೆ. ಕೆಂಪು ಬಿಡುವ ಸೀರೆಗಳು ಮನೆಯಲ್ಲೇ ಉಳಿದವು. ನಮ್ಮ ಹೆಂಗಸರು ವರ್ಷಗಟ್ಟಲೆ, ಮಳೆಯಿಲ್ಲದ ದಿನ ನೋಡಿ, ಅವನ್ನೇ ಉಟ್ಟರು.

ಮದುವೆ ಆಯಿತು. ಆ ಮನೆಯ ಹೆಂಗಸರು ಸಂಗಮದಲ್ಲಿ ಮಿಂದರು. ಸೀರೆಯ ಬಗ್ಗೆ ಬಾಗಲಕೋಟೆಯಿಂದ ಒಂದು ಮಾತೂ ಬರಲಿಲ್ಲ. ಹೊಗಳಲಿಲ್ಲವೆಂದು ಅವನಿಗೆ ಬೇಜಾರು; ನನಗೆ ಹಳೆಯ ನೌಕರಿಯ ಸಮಾಧಾನ.

ಆಮೇಲೆ ಅವನು ನನ್ನನ್ನು ಕಮಾಂಡೋ ಎನ್ನುವುದನ್ನು ಬಿಟ್ಟ.

‘ಮಾಮಾ ಸಪೋರ್ಟಿನಾಗ ಇದ್ರು,’ ಎಂದು ಗಿರಾಕಿಗಳಿಗೆ ಹೇಳುತ್ತಿದ್ದ. ‘ಅಂದ್ರ, ಮಂದಿನ್ನ ನೀರಿಗೆ ಇಳಿಸಿ ತಾವು ದಂಡಿಮ್ಯಾಲ ಅಂಗಿ ಹಿಡಕೊಂಡು ನಿಲ್ಲೂದು.’

ಅಂಗಿ ಅವನ ಮೈಮೇಲೇ ಇತ್ತು. ಉಳಿದದ್ದು ಸರಿಯಾಗಿತ್ತು, ತಿದ್ದಲಿಲ್ಲ.