ಮೂರನೇ ಬಿಸಿಯ ತನಕ ಕೀ ಇಲ್ಲ

ಬೆಳಗಿನ ಐದೂವರೆ. ಗ್ಯಾರೇಜಿನ ಅಂಗಳದಲ್ಲಿ ನಿಂತ ಟ್ಯಾಕ್ಸಿಯ ಕೆಳಗಿನಿಂದ ಎರಡು ಪಾದಗಳಷ್ಟೇ ಕಾಣುತ್ತಿವೆ. ಒಂದಕ್ಕೆ ಕಾಲುಚೀಲವಿದೆ, ಇನ್ನೊಂದಕ್ಕಿಲ್ಲ. ಆ ಕಾಲುಚೀಲ ಎಣ್ಣೆಜಿಡ್ಡು ಒರೆಸಲು ಹೋಗಿದೆಯಂತೆ. ಆ ಪಾದಗಳ ಒಡತಿಗೆ ಬೀದಿಯವರೆಲ್ಲ ಇಟ್ಟ ಹೆಸರು ಸೈಲೆನ್ಸರ್ ಅಕ್ಕ. ಕಾರಿನ ಹೊಗೆಕೊಳವೆಯ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಬಿಸಿ ತಾಳುವ ಬಣ್ಣ ಬಳಿಯುವುದು ಅವರ ಇಪ್ಪತ್ತೆರಡು ವರ್ಷಗಳ ಕಾಯಕ. ದಿನಕ್ಕೆ ಎರಡು ಕಾರು. ಕಾಲಿಗೆ ಬಿದ್ದರೂ ಮೂರನೆಯದನ್ನು ಮುಟ್ಟುವುದಿಲ್ಲ.

"ಬಾಗಿಲಿಗೆ ಬಣ್ಣ ಹೊಡೆದವರನ್ನ ಎಲ್ಲಾರೂ ಹೊಗಳ್ತಾರೆ. ನನ್ ಕೆಲಸ ನೋಡೋಕೆ ನೆಲದ ಮೇಲೆ ಮಲಗ್ಬೇಕು. ಯಾರು ಮಲಗ್ತಾರೆ ಹೇಳಿ?" ಎಂದು ಕಾರಿನಡಿಯಿಂದಲೇ ನಗುತ್ತಾರೆ.

ಈ ಟ್ಯಾಕ್ಸಿಗೆ ನಿನ್ನೆ ಸಂಜೆ ಬಳಿದ ಬಣ್ಣ ಒಣಗಿದೆ. ಆದರೆ ಒಣಗಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಎಂಜಿನ್ ಚಾಲೂ ಮಾಡಿ ಹತ್ತು ನಿಮಿಷ ಕಾಯಿಸಿ, ಆರಲು ಬಿಡಬೇಕು. ಮತ್ತೆ ಇಪ್ಪತ್ತು ನಿಮಿಷ, ಮತ್ತೆ ಆರಿಸಿ ಅರ್ಧ ಗಂಟೆ. ಮೂರು ಬಿಸಿ ಕಂಡರೇ ಬಣ್ಣ ಕಬ್ಬಿಣವನ್ನು ಕಚ್ಚಿಕೊಳ್ಳುವುದು. ಶುರುವಿನ ವರ್ಷ ಗಿರಾಕಿಯೊಬ್ಬನ ಅವಸರಕ್ಕೆ ಸೋತು ಅಕ್ಕ ಒಂದೇ ಬಿಸಿಗೆ ಕಾರು ಬಿಟ್ಟುಕೊಟ್ಟಿದ್ದರು. ವಾರದೊಳಗೆ ಬಣ್ಣ ಸಿಪ್ಪೆಸಿಪ್ಪೆಯಾಗಿ ಎದ್ದಿತು, ಆತ ನಡುಬೀದಿಯಲ್ಲೇ ಮಾನ ಹರಾಜು ಹಾಕಿದ. ಗ್ಯಾರೇಜ್ ನಡೆಸುವ ಗಂಡ, ಗಾಡಿ ಯಾವಾಗ ಬಿಡುವುದೋ ಇನ್ನು ನಿನಗೇ ಸೇರಿದ್ದು ಎಂದು ಕೀ ಗೊಂಚಲು ತಂದು ಹೆಂಡತಿಯ ಕೈಗಿಟ್ಟರಂತೆ. ಅಂದಿನಿಂದ ಅದು ಅಕ್ಕನ ಸೊಂಟದಲ್ಲಿದೆ.

ಏಳು ಗಂಟೆಗೆ ಟ್ಯಾಕ್ಸಿ ಮಾಲೀಕರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದಿಳಿಯುತ್ತಾರೆ. ಆಗಷ್ಟೇ ಎರಡನೇ ಬಿಸಿ ಆರಿದೆ. ಪ್ರಯಾಣಿಕರು ಕಾಯುತ್ತಿದ್ದಾರೆ, ಈಗಲೇ ಗಾಡಿ ಬೇಕು ಎಂಬುದು ಅವರ ಹಟ.

"ಕೀ ಕೊಡಿ ಅಕ್ಕ. ಇಲ್ಲಾಂದ್ರೆ ನನ್ ಒಂಬತ್ತು ಗಾಡೀನೂ ಬೇರೆ ಕಡೆ ಹೋಗುತ್ತೆ."

ಒಂಬತ್ತು ಹೋದರೆ ಅಕ್ಕನ ಹತ್ತಿರಹತ್ತಿರ ಒಂದು ವಾರದ ಕೆಲಸವೇ ಹೋದಂತೆ. ಗಂಡ ದೂರದಿಂದಲೇ ಕಣ್ಣು ಮಿಟುಕಿಸದೆ ನೋಡುತ್ತಿದ್ದಾರೆ.

"ಹೋಗ್ಲಿ ತಮ್ಮ. ಆದ್ರೆ ಇದು ಅರ್ಧ ಗಂಟೆ ಬಿಟ್ಟೇ ಹೋಗೋದು," ಎನ್ನುತ್ತ ಅಕ್ಕ ತಾವೇ ಎಂಜಿನ್ ಚಾಲೂ ಮಾಡುತ್ತಾರೆ.

ಮಾಲೀಕರು ಗೊಣಗುತ್ತ ಫೋನು ಹಚ್ಚಿ ಇನ್ನೊಂದು ಕಾರು ಕಳಿಸುತ್ತಾರೆ, ಶತಪಥ ತಿರುಗುತ್ತಾರೆ. ಎಂಜಿನ್ ನಿಂತ ಮೇಲೆ ಅದೇನನ್ನಿಸಿತೋ, ಮೊದಲು ಬಗ್ಗಿ, ಆಮೇಲೆ ಮೊಣಕಾಲೂರಿ, ಕೊನೆಗೆ ಕಾರಿನಡಿ ಅಂಗಾತ ಮಲಗಿಯೇ ಬಿಡುತ್ತಾರೆ. ಕೊಳವೆಯುದ್ದಕ್ಕೂ ಕಚ್ಚಿ ಕೂತ ಬಣ್ಣವನ್ನು ನೋಡುತ್ತ ಬಹಳ ಹೊತ್ತು ಏಳುವುದಿಲ್ಲ. ಎದ್ದವರು ಬೆನ್ನಿನ ಮಣ್ಣನ್ನೂ ಕೊಡವದೆ, ಮುಂದಿನ ಗಾಡಿ ಯಾವಾಗ ತರಲಿ ಎಂದು ಕೇಳುತ್ತಾರೆ.

ಅಕ್ಕ ಸೊಂಟದಿಂದ ಕೀ ಬಿಚ್ಚಿ ಅವರ ಕೈಗಿಡುತ್ತಾರೆ.

"ಇವತ್ತು ಸಾಯಂಕಾಲಾನೇ ತಗೊಂಡ್ ಬಾ ತಮ್ಮ. ಬಿಳಿ ಅಂಗಿ ಮಾತ್ರ ಹಾಕ್ಬೇಡ."